ಓದಬಾರದ ಆರು ಅಂಕಿ

ಸರಸ್ವತಿ ಪೂಜೆಯ ಬೆಳಗ್ಗೆ ಮದರಾಸಿನ ವೇಲಚೇರಿಯ ಮನೆಯಲ್ಲಿ ಭೀಮಾಬಾಯಿಯವರು ಮಗನನ್ನು ಕೇಳಿದ್ದು ಒಂದೇ ಪ್ರಶ್ನೆ. "ಎಲ್ಲರದೂ ಆಯ್ತು. ನಿನ್ನ ಪುಸ್ತಕ ಎಲ್ಲಿ ಡಾ?"

ಮಧ್ವರಾಜ ತಲೆ ಕೆರೆದುಕೊಂಡ. ಮಗಳು ಭಾವನಾ ಹನ್ನೆರಡನೆಯ ಕ್ಲಾಸಿನ ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು, ಕೋಚಿಂಗಿನ ನೋಟ್ಸು, ಒಂದು ಚೂರೂ ಹೊರಗುಳಿಯದ ಹಾಗೆ ತಂದು ಮಂಟಪದ ಮುಂದೆ ಪೇರಿಸಿದ್ದಳು. ವರ್ಷದಲ್ಲಿ ಅವಳಿಗೆ ಭಕ್ತಿ ಉಕ್ಕುವುದು ಇದೊಂದೇ ದಿನ. ಹೆಂಡತಿ ನೀರಜಾ ದೇವರನಾಮದ ಪುಸ್ತಕ ಇಟ್ಟಿದ್ದಳು. ಮಧ್ವರಾಜನ ಹತ್ತಿರ ಪುಸ್ತಕವೆಂಬ ವಸ್ತುವೇ ಇರಲಿಲ್ಲ. ಅವನಿಗೆ ಹಡಗಿನ ಸರಕಿನ ಕಾಗದಪತ್ರ ನೋಡುವ ಕಂಪನಿಯಲ್ಲಿ ಕೆಲಸ. ದಿನವಿಡೀ ಓದುತ್ತಿದ್ದುದೇನೋ ನಿಜ, ಆದರೆ ಓದುತ್ತಿದ್ದುದು ಯಾವ ಕಂಟೇನರಿನಲ್ಲಿ ಎಷ್ಟು ಮೂಟೆ ಗೋಡಂಬಿ ಬಂತು ಎಂಬುದನ್ನು.

"ಲ್ಯಾಪ್‌ಟಾಪ್ ಇಡಲೇನಮ್ಮ?"

"ಅಯ್ಯಯ್ಯೋ, ಬೇಡ ಡಾ! ಅದನ್ನ ತಟ್ಟೆ ಪಕ್ಕದಲ್ಲಿ ಇಟ್ಕೊಂಡು ಸಾರನ್ನ ಉಣ್ತೀಯೆ. ಪೂರಾ ಮುಸುರೆ. ದೇವರ ಮನೆ ಹೊಸ್ತಿಲು ದಾಟಕೂಡದು."

ಆಗ ಅವನ ಕಣ್ಣಿಗೆ ಬಿದ್ದದ್ದು ಗೋಡೆಯ ಮೊಳೆಗೆ ನೀಲಿ ದಾರದಲ್ಲಿ ತೂಗಾಡುತ್ತಿದ್ದ ಟೋಕನ್ನು. ಅರ್ಧ ಬೆಂಕಿಪೊಟ್ಟಣದಷ್ಟಿನ ಪ್ಲಾಸ್ಟಿಕ್ ಡಬ್ಬಿ, ಮಧ್ಯೆ ಪುಟ್ಟ ಕಿಟಕಿ, ಕಿಟಕಿಯಲ್ಲಿ ಆರು ಅಂಕಿ. ನಿಮಿಷ ನಿಮಿಷಕ್ಕೂ ಆ ಅಂಕಿಗಳು ಬದಲಾಗುತ್ತವೆ. ಮನೆಯಲ್ಲಿ ಕೂತು ಕಂಪನಿಯ ಕಂಪ್ಯೂಟರಿನೊಳಗೆ ಹೋಗಬೇಕಾದರೆ ಮೊದಲು ಪಾಸ್‌ವರ್ಡು, ಆಮೇಲೆ ಆ ಹೊತ್ತಿಗೆ ಟೋಕನ್ನಿನಲ್ಲಿ ಕಾಣುವ ನಂಬರು. ಅದಿಲ್ಲದಿದ್ದರೆ ಕಂಪನಿಯ ಯಜಮಾನನೇ ಬಂದು ಬಾಗಿಲು ಬಡಿದರೂ ತೆರೆಯುವುದಿಲ್ಲ. ಹೊಟ್ಟೆಪಾಡಿನ ಬೀಗದ ಕೈ ಅಂದರೂ ಸಲ್ಲುತ್ತದೆ.

"ಇದು ಶುದ್ಧವಾಗಿದೆ. ಊಟದ ಹತ್ತಿರ ಬಂದೇ ಇಲ್ಲ" ಎಂದು ತೆಗೆದುಕೊಟ್ಟ. ಭೀಮಾಬಾಯಿ ಅದನ್ನು ಪುಸ್ತಕದ ರಾಶಿಯ ತುತ್ತತುದಿಯಲ್ಲಿ ಕೂರಿಸಿದರು. ಗಂಧ ಮೆತ್ತಿದರು, ಗಂಧದ ಮೇಲೆ ಅಕ್ಷತೆ, ಅಕ್ಷತೆಯ ಮೇಲೊಂದು ದಾಸವಾಳ. ಪೂಜೆಯಾಯಿತು, ಮಂಗಳಾರತಿಯಾಯಿತು, ಕಡಲೆಬೇಳೆ ಬೆಲ್ಲದ ಹಯಗ್ರೀವ ನೈವೇದ್ಯವಾಯಿತು.

ಅಲ್ಲಿಗೆ ಮುಗಿಯಿತು. ನಾಳೆ ವಿಜಯದಶಮಿಯ ಬೆಳಗ್ಗೆ ಪುನಃಪೂಜೆ ಆಗುವವರೆಗೆ ಇಟ್ಟದ್ದನ್ನು ಮುಟ್ಟುವ ಹಾಗಿಲ್ಲ, ಒಂದಕ್ಷರ ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಎಷ್ಟೋ ಮನೆಗಳಲ್ಲಿ ಇದು ಪುಸ್ತಕಕ್ಕೆ ಮಾತ್ರ. ಭೀಮಾಬಾಯಿಯವರ ಮನೆಯಲ್ಲಿ ಹಾಗಲ್ಲ. ಆ ದಿನ ಅವರು ಹಾಲಿನ ಪ್ಯಾಕೆಟ್ಟಿನ ತಾರೀಕು ಕೂಡ ನೋಡುತ್ತಿರಲಿಲ್ಲ, ಮೂಸಿ ನೋಡುತ್ತಿದ್ದರು. ಫೋನು ಬಂದರೆ ಯಾರದೆಂದು ಓದದೆ ಎತ್ತಬೇಕು. ಮದರಾಸಿಗೆ ಬಂದು ನಾಲ್ಕು ತಲೆಮಾರಾದರೂ ಈ ಮನೆಯಲ್ಲಿ ಸರಸ್ವತಿಗೆ ಒಂದು ದಿನದ ರಜ ತಪ್ಪಿರಲಿಲ್ಲ.

ಮಧ್ವರಾಜ ಹಯಗ್ರೀವದ ಬಟ್ಟಲು ಹಿಡಿದು ಕುರ್ಚಿಯಲ್ಲಿ ಒರಗಿದ್ದ. ಆಗ ಫೋನು ಬಂತು. ನಿಯಮದಂತೆ ಹೆಸರು ನೋಡದೆ ಎತ್ತಿದ.

ಆ ಕಡೆಯ ದನಿ ಇಂಗ್ಲಿಷಿನಲ್ಲಿ ಶುರು ಮಾಡಿ, ಹಿಂದಿನಿಂದ ಭೀಮಾಬಾಯಿ ಯಾರಿಗೋ ಕೂಗಿ ಹೇಳಿದ್ದು ಕೇಳಿಸಿದ ಕೂಡಲೇ ಕನ್ನಡಕ್ಕೆ ಹೊರಳಿತು. "ಸಾರ್, ನೀವು ಕನ್ನಡದೋರಾ? ನಾನೂ ಕನ್ನಡದೋನೆ ಸಾರ್, ನಿಶಾಂತ್ ಅಂತ. ಕಂಪನಿ ಸೆಕ್ಯುರಿಟಿ ಡೆಸ್ಕಿಂದ ಮಾತಾಡ್ತಿದೀನಿ. ಹಬ್ಬದ ದಿನ ತೊಂದ್ರೆ ಕೊಡ್ತಿದೀನಿ, ಬೇಜಾರು ಮಾಡ್ಕೋಬೇಡಿ."

"ಪರವಾಗಿಲ್ಲ, ಹೇಳಪ್ಪ."

"ಹೊಸ ಸಿಸ್ಟಮ್ ಹಾಕ್ತಿದೀವಿ ಸಾರ್. ಮನೆಯಿಂದ ಕೆಲಸ ಮಾಡೋ ಎಲ್ಲರ ಲೈನನ್ನೂ ಇವತ್ತು ಆರು ಗಂಟೆ ಒಳಗೆ ಹೊಸದಕ್ಕೆ ಸೇರಿಸ್ಬೇಕು. ನಿಮ್ಮ ಟೋಕನ್ನಲ್ಲಿ ಈಗ ಬರ್ತಿರೋ ನಂಬರು ಓದಿ ಹೇಳ್ಬಿಟ್ರೆ ಸಾಕು, ಎರಡು ನಿಮಿಷದ ಕೆಲಸ."

"ಹೇಳದೆ ಇದ್ರೆ?"

"ಲೈನ್ ಕಟ್ ಆಗೋಗುತ್ತೆ ಸಾರ್. ಸೋಮವಾರದಿಂದ ಎಣ್ಣೂರು ಆಫೀಸಿಗೇ ಹೋಗ್ಬೇಕಾಗುತ್ತೆ."

ಮಧ್ವರಾಜ ಹಯಗ್ರೀವದ ಬಟ್ಟಲು ಕೆಳಗಿಟ್ಟ.

ವೇಲಚೇರಿಯಿಂದ ಎಣ್ಣೂರಿಗೆ ಹೋಗುವುದೆಂದರೆ ಏನೆಂದು ತಿಳಿದವರಿಗೇ ಗೊತ್ತು. ಊರಿನ ಈ ತುದಿಯಿಂದ ಆ ತುದಿ. ಒಂದು ರೈಲು ಹತ್ತಿ ಬೀಚ್ ಸ್ಟೇಷನ್ನು, ಅಲ್ಲಿ ಇನ್ನೊಂದು ರೈಲು, ಅದಿಳಿದು ಕಂಟೇನರ್ ಲಾರಿಗಳ ಮಧ್ಯೆ ಶೇರ್ ಆಟೋ. ಬಿಳಿ ಶರ್ಟಿನಲ್ಲಿ ಹೊರಟವನು ಬೂದು ಶರ್ಟಿನಲ್ಲಿ ಮನೆಗೆ ಬರುತ್ತಿದ್ದ. ಹಾಗೆ ವರ್ಷಗಟ್ಟಲೆ ಓಡಾಡಿ ಸೊಂಟ ಕೂತುಹೋಗಿತ್ತು. ಸೊಂಟ ಹಾಳಾಗಿ ಹೋಗಲಿ. ಭಾವನಾ ನಡೆಯಲು ಕಲಿತದ್ದನ್ನು ಅವನು ನೋಡಲಿಲ್ಲ, ಮೊದಲ ಹಲ್ಲು ಬಿದ್ದದ್ದನ್ನು ನೋಡಲಿಲ್ಲ. ಅವನು ಹೊರಡುವಾಗ ಮಗು ಮಲಗಿರುತ್ತಿತ್ತು, ಬಂದಾಗಲೂ ಮಲಗಿರುತ್ತಿತ್ತು. ಕೊರೊನಾ ಬಂದು ಕಂಪನಿ ಎಲ್ಲರನ್ನೂ ಮನೆಗೆ ಕಳಿಸಿದ ಮೇಲೆಯೇ ಮಗಳಿಗೆ ಅಪ್ಪ ಹಗಲಿನಲ್ಲೂ ಇರುವ ಪ್ರಾಣಿ ಎಂದು ಗೊತ್ತಾದದ್ದು. ಇನ್ನೊಂದು ವರ್ಷಕ್ಕೆ ಅವಳು ಕಾಲೇಜು ಹಾಸ್ಟೆಲು ಅಂತ ಹೊರಟುಬಿಡುತ್ತಾಳೆ. ಇರುವ ಈ ಒಂದು ವರ್ಷವನ್ನೂ ರೈಲಿನಲ್ಲಿ ನೇತಾಡುತ್ತ ಕಳೆಯುವುದೆಂದರೆ ಮಧ್ವರಾಜನಿಗೆ ಆಗದ ಮಾತು.

"ಐದು ನಿಮಿಷ ಇರಪ್ಪ, ತರ್ತೀನಿ" ಎಂದು ಫೋನಿಟ್ಟು ಎದ್ದ.

"ಯಾರಿಗೂ ನಂಬರು ಹೇಳ್ಬೇಡಿ ಅಂತ ದಿನಾ ಬಡ್ಕೋತಾರಲ್ಲ?" ಎಂದಳು ನೀರಜಾ.

"ಅದು ಬ್ಯಾಂಕಿನದು ಕಣೆ. ಇದು ಆಫೀಸಿನದು. ಆಫೀಸಿನ ನಂಬರು ಆಫೀಸಿನವರೇ ಕೇಳಿದ್ರೆ ಏನು ತಪ್ಪು?"

ಇದಕ್ಕೆ ಉತ್ತರ ಅವನ ಕಂಪನಿ ಆರು ತಿಂಗಳಿಗೊಮ್ಮೆ ತೋರಿಸುವ ಸುರಕ್ಷತೆಯ ವಿಡಿಯೋದಲ್ಲಿತ್ತು. ಆದರೆ ಆ ವಿಡಿಯೋವನ್ನು ಮಧ್ವರಾಜ ಸೌಂಡ್ ಆರಿಸಿ ಓಡಬಿಟ್ಟು ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದ. ಕೊನೆಯಲ್ಲಿ ಬರುವ ಪ್ರಶ್ನೆಗಳಿಗೆ ಭಾವನಾ ಟಿಕ್ ಹಾಕುತ್ತಿದ್ದಳು. ಪ್ರತಿ ಸಲವೂ ಫಸ್ಟ್ ಕ್ಲಾಸು.

ದೇವರ ಮನೆಯ ಬಾಗಿಲಲ್ಲಿ ಭೀಮಾಬಾಯಿ ಜಪಕ್ಕೆ ಕೂತಿದ್ದರು.

"ಅಮ್ಮ, ಆ ಟೋಕನ್ ಒಂದು ನಿಮಿಷ ಬೇಕಿತ್ತು."

"ನಾಳೆ."

"ನಾಳೆ ಆದ್ರೆ ಆಗಲ್ಲಮ್ಮ. ತಗೊಳ್ಳೋದೂ ಬೇಡ, ಹೂವು ಸರಿಸಿ ನೋಡಿದ್ರೆ ಸಾಕು. ಬರೀ ನಂಬರು."

"ನಂಬರು ಓದೋದು ಓದೋದಲ್ಲವೇನು ಡಾ?"

"ಅದು ಓದೋದು ಹೇಗಾಗುತ್ತಮ್ಮ? ಅಕ್ಷರ ಇದ್ರೆ ತಾನೆ ಓದು?"

ಮಧ್ವರಾಜ ಗೆದ್ದೇ ಬಿಡುತ್ತಿದ್ದನೋ ಏನೋ. ಅಷ್ಟರಲ್ಲಿ ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದ ಭಾವನಾ ಗಾಬರಿಯಿಂದ ಎದ್ದು ಕೂತಳು. ಅಜ್ಜಿಯ ಹತ್ತಿರ ಅವಳದು ಅರ್ಧ ತಮಿಳು. "ಪಾಟೀ, ನಂಬರ್ ಓದಲಾಂ ಅಂದ್ರೆ ನಾನು ಮ್ಯಾಥ್ಸ್ ಪಡಿಕ್ಕಣುಮಾ, ಓದ್ಬೇಕಾ? ಇಟ್ ಈಸ್ ಆಲ್ ನಂಬರ್ಸ್! ಅಪ್ಪ ರಾಂಗ್, ಪಾಟಿ. ನಂಬರೂ ಓದೋದೇ!"

"ನೋಡು" ಎಂದರು ಭೀಮಾಬಾಯಿ ಹೆಮ್ಮೆಯಿಂದ. "ಮಗುವಿಗೆ ಇರೋ ಬುದ್ಧಿ ನಿನಗಿಲ್ಲ."

ಮಧ್ವರಾಜ ಮಗಳ ಮುಖವನ್ನು ಒಂದು ಗಳಿಗೆ ನೋಡಿದ. ಇವಳ ಜತೆಗಿರಬೇಕೆಂದೇ ತಾನು ಒದ್ದಾಡುತ್ತಿರುವುದಲ್ಲವೇ ಎಂದುಕೊಂಡ. ಹೇಳಿ ಪ್ರಯೋಜನವಿರಲಿಲ್ಲ.

ನಿಶಾಂತ್ ಮತ್ತೆ ಫೋನ್ ಮಾಡಿದಾಗ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದ. ಹುಡುಗ ಕಂಗಾಲಾದ. "ಸಾರ್, ಅರ್ಥ ಆಗ್ಲಿಲ್ಲ. ಟೋಕನ್ ಕಳೆದುಹೋಗಿದ್ಯಾ?"

"ಕಳೆದಿಲ್ಲಪ್ಪ. ಎದುರಿಗೇ ಕಾಣ್ತಿದೆ. ಓದೋ ಹಾಗಿಲ್ಲ."

"ಕನ್ನಡಕ ಇಲ್ವಾ ಸಾರ್?"

ಮಧ್ವರಾಜ ಅವನಿಗೆ ಸರಸ್ವತಿ ಪೂಜೆಯ ವಿಧಿಯನ್ನು ಮೊದಲಿಂದ ಕೊನೆಯವರೆಗೆ ವಿವರಿಸಿದ. ಆವಾಹನೆ ಯಾವ ನಕ್ಷತ್ರದಲ್ಲಿ, ವಿಸರ್ಜನೆ ಯಾವ ನಕ್ಷತ್ರದಲ್ಲಿ, ಮಧ್ಯೆ ಯಾಕೆ ಓದಬಾರದು. "ಮತ್ತೆ ಮಾಡ್ತೀನಿ ಸಾರ್" ಎಂದು ಹುಡುಗ ಫೋನಿಟ್ಟ.

ಮುಂದಿನ ಫೋನು ಪಲ್ಲಾವರದಿಂದ, ಸಹೋದ್ಯೋಗಿ ಕೌಶಿಕನದು. "ಏನ್ ಸಾರ್, ನಿಮಗೂ ಬಂತಾ? ನಾನು ಹಲ್ಲುಜ್ಜೋ ಹೊತ್ತಿಗೇ ಹೇಳಿ ಮುಗಿಸ್ದೆ. ಹುಡುಗ ಪಾಪ ಒಳ್ಳೆಯವನು. ನಮ್ಮ ಟೀಮಲ್ಲಿ ಎಲ್ಲರದೂ ಆಯ್ತಂತೆ, ನಿಮ್ಮದೊಂದೇ ಬಾಕಿ."

"ಕೌಶಿಕ್, ನಮ್ಮನೇಲಿ ಪೂಜೆಗೆ ಇಟ್ಟುಬಿಟ್ಟಿದೀವಿ."

"ಟೋಕನ್ನಾ?" ಕೌಶಿಕ್ ಎಷ್ಟು ನಕ್ಕನೆಂದರೆ ಮಧ್ವರಾಜ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಸಾರ್, ಎಣ್ಣೂರಲ್ಲಿ ಮೀನಿನ ವಾಸನೆ ಈಗಲೂ ಹಾಗೇ ಇದ್ಯಂತೆ. ಒಂದು ಮಾಸ್ಕ್ ಇಟ್ಕೊಂಡಿರಿ."

ಮಧ್ಯಾಹ್ನದ ಹೊತ್ತಿಗೆ ಎದುರು ಫ್ಲಾಟಿನ ಐತಪ್ಪ ಬಂದ. ವೇಲಚೇರಿ ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುವ ಮಂಗಳೂರು ಕಡೆಯ ಮನುಷ್ಯ. ಹೋಟೆಲಿನ ಆಯುಧ ಪೂಜೆ ಮುಗಿಸಿ, ಪೊರಿಯೆಂಬ ಮಂಡಕ್ಕಿ, ಹುರಿಗಡಲೆ, ಬೆಲ್ಲದ ಪೊಟ್ಟಣ ಹಿಡಿದು ನಗುತ್ತಲೇ ಒಳಗೆ ಬಂದವನು ಮಧ್ವರಾಜನ ಮುಖ ನೋಡಿ ನಿಂತ.

"ಎಂತ ಮಾರಾಯ್ರೆ, ಮನೆಯಲ್ಲಿ ಯಾರಿಗಾದ್ರೂ ಹುಷಾರಿಲ್ವಾ?"

ಕತೆ ಕೇಳಿದ ಮೇಲೆ ಐತಪ್ಪನಿಗೆ ಮೈಯಲ್ಲಿ ಹುರುಪು ಬಂತು. ಬೇರೆಯವರ ಕಷ್ಟ ಎಂದರೆ ಅವನಿಗೆ ಊಟ ಬೇಡ, ನಿದ್ದೆ ಬೇಡ. "ಅಷ್ಟೆಯಾ! ನಾನು ಓದ್ತೇನೆ ಬಿಡಿ. ನಾನು ನಿಮ್ಮ ಮನೆಯವ ಅಲ್ಲವಲ್ಲ."

ಭೀಮಾಬಾಯಿ ಜಪಮಾಲೆಯ ಮೇಲಿಂದಲೇ ಕೇಳಿದರು. "ನಿಮ್ಮ ಹೋಟೆಲಲ್ಲಿ ಇವತ್ತು ಪೂಜೆ ಮಾಡಿದಿರಾ?"

"ಮಾಡದೆ ಉಂಟಾ ಅಮ್ಮ? ಗ್ರೈಂಡರಿನಿಂದ ಹಿಡಿದು ತೂಕದ ಕಲ್ಲಿನವರೆಗೆ."

"ಮತ್ತೆ? ನಿಮಗೂ ಇವತ್ತು ಓದೋ ಹಾಗಿಲ್ಲ."

ಆದರೆ ಐತಪ್ಪನದು ಹೋಟೆಲಿನ ತಲೆ, ಅಷ್ಟಕ್ಕೆಲ್ಲ ಸುಮ್ಮನಿರುವುದಿಲ್ಲ. ಮಧ್ವರಾಜನನ್ನು ಬಾಲ್ಕನಿಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದ. "ದೇವರ ಫೋಟೋ ತೆಗೆಯುವುದು ತಪ್ಪಾ? ತಪ್ಪಲ್ಲ. ನೀವು ಕಣ್ಣು ಮುಚ್ಚಿ ಒಂದು ಫೋಟೋ ತೆಗೀರಿ, ಆ ಹುಡುಗನಿಗೆ ಕಳ್ಸಿ. ಓದುವವ ಅವ. ಪಾಪ ಬಂದ್ರೆ ಅವನಿಗೆ."

ಮಧ್ವರಾಜನಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ದೇವರ ಫೋಟೋ ಎಂದದ್ದಕ್ಕೆ ಭೀಮಾಬಾಯಿ ಸಂತೋಷವಾಗಿಯೇ ಪಕ್ಕಕ್ಕೆ ಸರಿದು ಕೂತರು. ಮಧ್ವರಾಜ ಕಣ್ಣು ಬಿಗಿಯಾಗಿ ಮುಚ್ಚಿ ಹೊಸ್ತಿಲಿನಿಂದಲೇ ನಾಲ್ಕು ಫೋಟೋ ತೆಗೆದ. ಎರಡರಲ್ಲಿ ಮೇಲಿನ ಶೆಲ್ಫಿನ ಉಪ್ಪಿನಕಾಯಿ ಜಾಡಿ ಬಂತು, ಒಂದರಲ್ಲಿ ಅವನ ಹೆಬ್ಬೆರಳು. ನಾಲ್ಕನೆಯದನ್ನು ಐತಪ್ಪನೇ ನಿಶಾಂತನಿಗೆ ರವಾನಿಸಿದ.

ಕೂಡಲೇ ಫೋನು ಬಂತು. "ಸಾರ್, ಪೂಜೆ ತುಂಬಾ ಚೆನ್ನಾಗಿದೆ. ಆದ್ರೆ ನಂಬರ್ ಕಾಣ್ತಿಲ್ಲ. ಮೊದಲನೇದು ಮೂರು ಅನ್ಸುತ್ತೆ. ಆಮೇಲೆ ಪೂರ್ತಿ ಹೂವು. ಕೊನೇದು ಒಂದಾ, ಅಕ್ಕಿಕಾಳಾ?"

"ಹೂವು ಹಾರಿಸಿದ್ರೆ ಆಯ್ತು" ಎಂದ ಐತಪ್ಪ. "ನಾವು ಮುಟ್ಟುವುದು ಬೇಡ. ಗಾಳಿ ಮುಟ್ಟಿದ್ರೆ ಯಾರು ಕೇಳ್ತಾರೆ?" ಎಂದವನೇ ಹಜಾರದ ಟೇಬಲ್ ಫ್ಯಾನನ್ನು ಸೆಕೆ ನೆಪದಲ್ಲಿ ದೇವರ ಮನೆಯ ಕಡೆ ತಿರುಗಿಸಿ, ಮೂರನೆಯ ಸ್ಪೀಡಿಗೆ ಹಾಕಿದ.

ದಾಸವಾಳ ಅಲ್ಲಾಡಲಿಲ್ಲ. ಗಂಧ ಒಣಗಿ ಗೋಂದಿನ ಹಾಗೆ ಅದನ್ನು ಕಚ್ಚಿಕೊಂಡಿತ್ತು. ನಂದಾದೀಪ ಮಾತ್ರ ಒಂದು ಸಲ ತಲೆಯಾಡಿಸಿ ಆರಿಹೋಯಿತು.

ಭೀಮಾಬಾಯಿ ನಿಧಾನವಾಗಿ ಎದ್ದರು, ದೀಪ ಹಚ್ಚಿದರು, ಕೈ ಮುಗಿದರು, ತಿರುಗಿ ಐತಪ್ಪನನ್ನು ನೋಡಿದರು. ಬೈಯಲಿಲ್ಲ, ಬರೀ ನೋಡಿದರು. ಐತಪ್ಪನಿಗೆ ಹೋಟೆಲಿನಲ್ಲಿ ತುರ್ತು ಕೆಲಸ ನೆನಪಾಯಿತು. ಚಪ್ಪಲಿ ಕೂಡ ಅದಲು ಬದಲು ಮೆಟ್ಟಿಕೊಂಡು ಓಡಿದ.

"ಆ ಫೋನು ಇಲ್ಲಿ ಕೊಡು" ಎಂದರು ಭೀಮಾಬಾಯಿ. "ಯಾರದು ಈ ಪಿಳ್ಳೆ? ಬೆಳಗ್ಗಿಂದ ನಿನ್ನ ಪ್ರಾಣ ತಿಂತಿದಾನೆ."

ಮಧ್ವರಾಜ ತಡೆಯುವ ಮೊದಲೇ ಫೋನು ಅವರ ಕಿವಿಯಲ್ಲಿತ್ತು. ನಿಶಾಂತ್ ಇನ್ನೂ ಲೈನಿನಲ್ಲೇ ಇದ್ದ.

"ಏನಪ್ಪ, ನಿನ್ನ ಊರು ಯಾವುದು?"

"ಅಮ್ಮ, ನಾನು ಸೆಕ್ಯುರಿಟಿ..."

"ಅದು ಇರಲಿ. ಊರು?"

"ಹೊಸೂರು ಅಮ್ಮ."

"ಮನೇಲಿ ಯಾರಿದಾರೆ?"

"ಅಮ್ಮ ಒಬ್ರೇ. ಅಮ್ಮ, ಆ ನಂಬರ್ ಒಂದು..."

"ನಿನ್ನ ಅಮ್ಮನ ಹೆಸರೇನು?"

"ಸಣ್ಣಮ್ಮ ಅಂತ."

"ಹಬ್ಬದ ದಿನ ಏನು ಊಟ ಮಾಡಿದೆ?"

"ಇನ್ನೂ ಮಾಡಿಲ್ಲಮ್ಮ. ಬೆಳಗ್ಗೆ ಒಂದು ಟೀ ಕುಡಿದಿದ್ದು."

"ಶಿವ ಶಿವ!" ಭೀಮಾಬಾಯಿಯವರಿಗೆ ನಿಜವಾಗಿಯೂ ಕರುಳು ಚುರುಕ್ಕೆಂದಿತು. "ಸಾಯಂಕಾಲ ಆಗ್ತಾ ಬಂತು, ಹೊಟ್ಟೆಗೆ ಹಾಕಿಲ್ಲ, ಕಂಡವರ ಮನೆ ನಂಬರು ಕೇಳ್ತಾ ಕೂತಿದೀಯಾ! ಅಮ್ಮನ ಫೋನ್ ನಂಬರು ಹೇಳು. ಬರೆದುಕೊಳ್ಳೋ ಹಾಗಿಲ್ಲ, ನಿಧಾನವಾಗಿ ಹೇಳು."

ನಂಬರು ಕೇಳಲು ಬಂದ ಹುಡುಗ ಒಂದೊಂದಾಗಿ ಹತ್ತೂ ಅಂಕಿ ಹೇಳಿದ. ಭೀಮಾಬಾಯಿ ಅದನ್ನು ಶ್ಲೋಕದ ಹಾಗೆ ಎರಡು ಸಲ ಬಾಯಿಪಾಠ ಮಾಡಿ, ಮೂಲೆಯ ಹಳೆಯ ಲ್ಯಾಂಡ್‌ಲೈನಿನ ಮುಂದೆ ಕೂತು, ಕಣ್ಣು ಮುಚ್ಚಿ ಒತ್ತಿದರು. ಎಷ್ಟೋ ವರ್ಷ ಒತ್ತಿದ ಬೆರಳು, ಕಣ್ಣು ಬೇಕಿರಲಿಲ್ಲ. ಹೊಸೂರಿನ ಸಣ್ಣಮ್ಮನವರ ಜತೆ ಮಾತು ಬಹಳ ಹೊತ್ತು ನಡೆಯಿತು. ಹುಡುಗನ ಹೊಟ್ಟೆಯಿಂದ ಶುರುವಾಗಿ ಅವನ ಮದುವೆಯವರೆಗೆ ಹೋಗಿ ಹಾಗಲಕಾಯಿ ಗೊಜ್ಜಿನಲ್ಲಿ ಮುಗಿಯಿತು.

ಅದಾದ ಮೇಲೆ ನಿಶಾಂತ್ ಮಾಡಿದ ಫೋನಿನಲ್ಲಿ ದನಿಯೇ ಬೇರೆಯಾಗಿತ್ತು. "ಸಾರ್, ಯಾಕೆ ಸಾರ್ ಅಮ್ಮಂಗೆ ಫೋನ್ ಮಾಡಿಸಿದ್ರಿ? ಈಗ್ಲೇ ಎದ್ದು ಹೋಗಿ ಊಟ ಮಾಡು ಅಂತ ಅಳ್ತಿದಾರೆ. ನಾನು ಊಟಕ್ಕೆ ಹೋಗ್ಬರ್ತೀನಿ. ಆರಕ್ಕೆ ಕೊನೇ ಸಲ ಮಾಡ್ತೀನಿ. ಆವಾಗ್ಲೂ ಆಗಿಲ್ಲಾಂದ್ರೆ ಮುಚ್ಚಿಬಿಡ್ತೀನಿ."

ಆರು ಗಂಟೆ ಹತ್ತಿರವಾಯಿತು. ನೀರಜಾ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಭೀಮಾಬಾಯಿ ಹಜಾರದಲ್ಲಿ ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ಮಧ್ವರಾಜ ಬಚ್ಚಲಿಗೆ ಹೋಗಿ ತಲೆಗೆ ನಾಲ್ಕು ಚೊಂಬು ನೀರು ಸುರಿದುಕೊಂಡ. ಕಳ್ಳತನ ಮಾಡುವುದಾದರೂ ಮಡಿಯಲ್ಲೇ ಮಾಡೋಣ ಎಂದು ಒದ್ದೆ ಪಂಚೆಯಲ್ಲೇ ದೇವರ ಮನೆಗೆ ಹೋದ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಟೋಕನ್ನಿನ ಕಡೆ. ದಾಸವಾಳಕ್ಕೆ ಬೆರಳು ತಾಕಿತು.

"ತಗೋ ಡಾ" ಎಂದಿತು ಹಿಂದಿನಿಂದ ಅಮ್ಮನ ದನಿ.

ಅವನು ತಿರುಗಿ ನೋಡಿದ. ಭೀಮಾಬಾಯಿ ಬಾಗಿಲಲ್ಲಿ ನಿಂತಿದ್ದರು. ಸಿಟ್ಟಿರಲಿಲ್ಲ. "ನೀರಜಾ ಹೇಳಿದಳು. ಎಣ್ಣೂರಿಗೆ ಹೋಗಿ ಬಂದು ಆಗ ರಾತ್ರಿಯೆಲ್ಲಾ ಸೊಂಟಕ್ಕೆ ಬಿಸಿನೀರು ಇಟ್ಕೊಳ್ತಿದ್ದೆ, ನಾನು ಮರೆತಿಲ್ಲ. ಅಷ್ಟು ಕಷ್ಟ ಆದ್ರೆ ತಗೋ. ನಾನು ಈ ಕಡೆ ನೋಡಲ್ಲ." ಹಾಗೆಂದು ನಿಜವಾಗಿಯೂ ಮುಖ ತಿರುಗಿಸಿ ನಿಂತರು.

ಬೈದಿದ್ದರೆ ಮಧ್ವರಾಜ ತೆಗೆದೇ ಬಿಡುತ್ತಿದ್ದ. ಅರವತ್ತು ವರ್ಷ ಹಿಡಿದುಕೊಂಡು ಬಂದ ನೇಮವನ್ನು ಅಮ್ಮ ತನಗೋಸ್ಕರ ಒಂದು ಮಾತಿಗೆ ಬಿಟ್ಟುಕೊಟ್ಟದ್ದು ನೋಡಿದ ಮೇಲೆ ಅವನಿಂದ ಆಗಲಿಲ್ಲ. ಕೈ ಹಿಂದಕ್ಕೆ ತೆಗೆದ. ಫೋನು ಬಡಿದುಕೊಂಡಿತು.

"ಸಾರ್, ಕೊನೇ ಸಲ. ಹೇಳ್ತೀರಾ?"

"ಇಲ್ಲಪ್ಪ" ಎಂದ ಮಧ್ವರಾಜ. "ಇವತ್ತು ಆಗಲ್ಲ. ಏನು ಬೇಕಾದ್ರೂ ಮಾಡ್ಕೋ."

ಫೋನು ಇಟ್ಟ ಮೇಲೆ ಒದ್ದೆ ಪಂಚೆಯಲ್ಲೇ ಹಜಾರದ ನೆಲದ ಮೇಲೆ ಕೂತುಬಿಟ್ಟ. ನೀರಜಾ ಟವಲು ತಂದು ಹೆಗಲ ಮೇಲೆ ಹಾಕಿದಳು. ಭಾವನಾಗೂ ಏನೋ ಅರ್ಥವಾದಂತೆ ಬಂದು ಪಕ್ಕದಲ್ಲಿ ಕೂತಳು. "ಸಾರಿಪ್ಪಾ" ಎಂದಳು. ಅವನಿಗೆ ಅಷ್ಟೂ ದುಃಖ ಒಂದೇ ಸಲ ಬಂತು.

ದೀಪ ಹಚ್ಚುವ ಹೊತ್ತಿಗೆ ಇನ್ನೊಂದು ಫೋನು. ಎತ್ತಿದರೆ ಮ್ಯಾನೇಜರ್ ಗುರುಚರಣ, ಬಳ್ಳಾರಿ ಕಡೆಯವರು. ವರ್ಷಕ್ಕೊಮ್ಮೆ ಇನ್‌ಕ್ರಿಮೆಂಟ್ ಇಲ್ಲ ಎಂದು ಹೇಳಲು ಬಿಟ್ಟರೆ ಫೋನು ಮಾಡುವವರಲ್ಲ.

"ಸಾರ್, ನನ್ನದು ತಪ್ಪಾಯ್ತು" ಎಂದು ಮಧ್ವರಾಜ ಶುರು ಮಾಡಿದ.

"ಏನ್ ತಪ್ಪ್ರೀ! ಕಂಪನಿ ಮಾನ ಉಳಿಸೀರಿ ನೀವು! ಆ ನಿಶಾಂತ ನಮ್ಮ ಮಂದಿ ಅಲ್ಲರೀ. ಪರೀಕ್ಷಾ ಮಾಡಾಕ ನಾವ ಹೊರಗಿಂದ ಕರೆಸಿದ ಕಳ್ಳ. ಯಾರು ನಂಬರ್ ಕೊಡ್ತಾರ ನೋಡೂನು ಅಂತ ಹಬ್ಬದ ದಿನಾನ ಆರಿಸಿದ್ವಿ. ಮನೀಂದ ಕೆಲಸ ಮಾಡೋ ಅಷ್ಟೂ ಮಂದಿ ಕೊಟ್ಟಾರ. ಒಬ್ಬ ಕೌಶಿಕ್ ಅಂತೂ ಕೇಳೂದ್ರೊಳಗ ಪಾಸ್‌ವರ್ಡೂ ಸೇರಿಸಿ ಕೊಟ್ಟಾನ. ನೀವೊಬ್ರ ಕೊಟ್ಟಿಲ್ಲ."

ನೀರಜಾ ಫೋನನ್ನು ಸ್ಪೀಕರಿಗೆ ಹಾಕಿದಳು.

"ಆ ಹುಡುಗ ದಂಗಾಗ್ಯಾನ್ರೀ. ಇಷ್ಟ ವರ್ಷದಾಗ ಇಂಥಾವ್ರನ್ನ ನೋಡಿಲ್ಲ ಅಂತಾನ. ಮೊದಲು ಧಾರ್ಮಿಕ ವಿಷಯ ತೆಗೆದು ಅವನ ಟೈಮ್ ತಿಂದ್ರಂತ. ಆಮ್ಯಾಲೆ ಹೂವು ಮುಚ್ಚಿದ ಫೋಟೋ ಕಳಿಸಿ ದಾರಿ ತಪ್ಪಿಸಿದ್ರಂತ. ಕಡೀಕ ಅವನ ಊರು, ಅವರವ್ವನ ಹೆಸರು, ಆಕಿ ಫೋನ್ ನಂಬರು ಅವನ ಬಾಯಿಂದಲೇ ಹೊರಡಿಸಿ, ಅವನನ್ನ ಕುರ್ಚಿ ಬಿಟ್ಟು ಎಬ್ಬಿಸಿ ಕಳಿಸಿದ್ರಂತ! ಎಲ್ಲಿ ಕಲಿತ್ರಿ ಇದೆಲ್ಲಾ?"

"ಮನೆಯಲ್ಲೇ ಸಾರ್" ಎಂದ ಮಧ್ವರಾಜ ಕ್ಷೀಣವಾಗಿ.

ಭೀಮಾಬಾಯಿ ಮಂಟಪದ ಕಡೆ ತಿರುಗಿ ಕೈ ಮುಗಿದರು. ಭಾವನಾ ಸೋಫಾದ ಮೇಲೆ ಕುಣಿದಳು. ಮಧ್ವರಾಜ ಎದ್ದು ನಿಂತ. ಬೆಳಗ್ಗಿಂದ ಕೇಳಬೇಕಿದ್ದದ್ದನ್ನು ಈಗ ಧೈರ್ಯವಾಗಿ ಕೇಳಿದ. "ಹಾಗಾದ್ರೆ ಸಾರ್, ಎಣ್ಣೂರು..."

"ಅದನ್ನ ಹೇಳಾಕ ಬಂದೆ. ನಂಬರ್ ಕೊಟ್ಟ ಮಂದೀನೆಲ್ಲಾ ಎಣ್ಣೂರಿಗೆ ಕರೆಸ್ಬೇಕು ಅಂತಿದ್ವಿ. ಕರೆಸಿದ್ರ ಕೂಡಿಸೂದೆಲ್ಲಿ? ಅಲ್ಲಿ ಎರಡು ಮಹಡಿ ಬಿಟ್ಟುಕೊಟ್ಟೇವಿ, ಈಗಿರೋದು ಕಂಪ್ಯೂಟರಿನ ಒಂದು ಕೋಣಿ, ಒಂದು ಕುರ್ಚಿ. ಅದಕ್ಕ ಅವರೆಲ್ಲ ಮನಿಯೊಳಗ ಇರ್ಲಿ. ಆದ್ರ ಅವರ ಕೈಯಾಗ ಇನ್ನ ಟೋಕನ್ ಕೊಡಂಗಿಲ್ಲ. ದಿನಾ ಮುಂಜಾನೆ ಒಬ್ಬೊಬ್ಬರ ದನಿ ಕೇಳಿ, ಗುರ್ತು ಹಿಡಿದು, ಅವರ ಲೈನ್ ತೆರೀಬೇಕು, ಸಂಜೀಕ ಮುಚ್ಚಬೇಕು. ನಂಬಿಗಸ್ಥರು ಒಬ್ರು ಬೇಕು."

"ಸಾರ್, ಅದನ್ನ ನಾನು ಮನೆಯಿಂದಲೇ..."

"ಮನೀಂದ ಹ್ಯಾಂಗ್ರೀ? ಹೊರಗಿಂದ ತೆರೆಯೋ ಹಂಗಿದ್ರ ಅದು ಸುರಕ್ಷತಾ ಹ್ಯಾಂಗಾಗ್ತದ? ನಿಮಗ ನಾನು ಹೇಳಬೇಕಾ! ಕೋಣಿಯೊಳಗ ಕೂತ ತೆರೀಬೇಕು. ಸೋಮವಾರ ಎಂಟಕ್ಕ ಎಣ್ಣೂರಿನಾಗ ಇರ್ರಿ. ಸಂಬಳದ ಮಾತು ಮುಂದಿನ ವರ್ಷ ನೋಡೂನು. ಕಂಗ್ರಾಜುಲೇಷನ್ಸ್!"

ಫೋನು ಕಟ್ಟಾಯಿತು. ಭೀಮಾಬಾಯಿ ಮುಗಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಹಾಗೆಯೇ ನಿಂತಿದ್ದರು. ಅಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಪಲ್ಲಾವರದಿಂದ ಕೌಶಿಕ್.

"ಸಾರ್, ಸುದ್ದಿ ಬಂತು. ನೀವು ಗ್ರೇಟ್ ಸಾರ್, ನಮ್ಮೆಲ್ಲರ ಕೆಲಸ ಉಳೀತು" ಎಂದ. ನಗು ಇರಲಿಲ್ಲ, ನಿಜವಾದ ಕೃತಜ್ಞತೆಯೇ ಇತ್ತು. "ಒಂದು ಸಣ್ಣ ರಿಕ್ವೆಸ್ಟ್. ನಾನು ಬೆಳಗ್ಗೆ ಮಗಳನ್ನ ಸ್ಕೂಲಿಗೆ ಬಿಟ್ಟು, ಪಾರ್ಕಲ್ಲಿ ಒಂದು ರೌಂಡ್ ಹಾಕಿ ಬಂದು ಕೂರೋದು ಒಂಬತ್ತಾಗುತ್ತೆ. ನೀವು ನನ್ನದನ್ನ ಎಂಟಕ್ಕೇ ತೆರೆದಿಟ್ಟುಬಿಡಿ ಸಾರ್. ರೈಲು ಗೀಲು ಅಂತ ಲೇಟ್ ಮಾಡ್ಬೇಡಿ."